ಏಳನೆಯ ಕಾಲಂ ತುಂಬಿದವನ ಹೆಸರು

ಅಕ್ಕಾ,

ಈ ಸಲದ ನಡೆ ನನ್ನದಾಗಿತ್ತು. ಹದಿನಾಲ್ಕು ತಿಂಗಳು ತಡವಾಗಿದೆ. ಆದರೆ ಆಟದ ನಡುವೆ ಎದ್ದು ಹೋದವಳು ನೀನು, ನಾನಲ್ಲ. ಹಾಗಾಗಿ ಬೈಯುವ ಹಕ್ಕು ನಿನಗಿಲ್ಲ. ನಿನ್ನೆ ಅಂಚೆ ಕಚೇರಿಯಲ್ಲಿ ಆರು ನೀಲಿ ಇನ್‌ಲ್ಯಾಂಡ್ ಕೇಳಿದೆ. ಕೌಂಟರಿನಾಕೆ ಕನ್ನಡಕದ ಮೇಲಿನಿಂದ ನೋಡಿ, "ಇದನ್ನೆಲ್ಲ ಈಗ ಯಾರು ಸಾರೇ ಬರೆಯುವುದು?" ಎಂದಳು. ಯಾರು ಓದುವುದು ಎಂದು ಕೇಳಲಿಲ್ಲ, ಪುಣ್ಯ. ಒಂದರಲ್ಲಿ ಹಿಡಿಸುವ ಸುದ್ದಿಯಲ್ಲ ಇದು. ಜೊತೆಗೆ ಅಕ್ಷರ ದೊಡ್ಡದಾಗಿ ಬರುತ್ತಿದೆ.

ವಿಳಿಂಜಂ ದಕ್ಕೆಯ ಕಲ್ಲಿನ ಮೇಲೆ ಕೂತ ಆ ಭಾನುವಾರ ನೆನಪುಂಟಾ? ಕೇಂದ್ರ ಸರಕಾರದ ನೌಕರಿಯಲ್ಲಿ ನನಗೆ ಆಗಷ್ಟೇ ಕೊಚ್ಚಿಗೆ ವರ್ಗವಾಗಿತ್ತು. ನೀನು ತಿರುವನಂತಪುರದಲ್ಲಿ, ಕಾಸರಗೋಡಿನ ನಮ್ಮವರಿಗಾಗಿ ಸರಕಾರದ ಕಾನೂನುಗಳನ್ನು ಕನ್ನಡಕ್ಕೆ ಮಾಡುತ್ತಾ ಇಪ್ಪತ್ತು ವರ್ಷ ಸವೆಸಿದ್ದೆ. ದೋಣಿಗಳಿಂದ ಬುಟ್ಟಿ ಇಳಿಸುತ್ತಿದ್ದರು. ನೀನು ಕಡಲೆಕಾಯಿ ಸುಲಿಯುತ್ತಾ ಸುಮ್ಮನೆ ಕೇಳಿದೆ.

"ಆ ಯುದ್ಧ ಅವರೇ ಗೆದ್ದಿದ್ರೆ ಎಂತ ಆಗ್ತಿತ್ತು ಮಾರಾಯಾ?"

"ಯಾರು?"

"ಇಟಲಿಯವ, ಜರ್ಮನಿಯವ. ಕಪ್ಪಂಗಿ, ಕಂದಂಗಿ, ಎಲ್ಲ ಒಟ್ಟಿಗೆ. ಅಲ್ಲಿಂದ ಇಲ್ಲಿವರೆಗೆ ಅವರದ್ದೇ ರಾಜ್ಯ. ಕೊಚ್ಚಿಯಲ್ಲಿ ಅವರ ಹಡಗು, ಇಲ್ಲಿ ಸೆಕ್ರೆಟೇರಿಯಟ್‌ನಲ್ಲಿ ಅವರ ಗವರ್ನರ್."

"ನಿನ್ನ ಕುರ್ಚಿಯಲ್ಲಿ?"

"ನಾನೇ. ಅವರ ಹುಕುಂ ಕನ್ನಡಕ್ಕೆ ಮಾಡ್ಲಿಕ್ಕೆ ಯಾರಾದ್ರೂ ಬೇಕಲ್ಲ."

ನಾನು ನಕ್ಕೆ. ನೀನು ನಗಲಿಲ್ಲ. ಆ ಕಲ್ಲಿನ ಮೇಲೆಯೇ ಆಟದ ನಿಯಮ ಮಾಡಿದೆವು. ತಿಂಗಳಿಗೊಂದು ಇನ್‌ಲ್ಯಾಂಡ್. ನನಗೆ ಸಾಮ್ರಾಜ್ಯ, ನಿನಗೆ ಅದರ ಪತನ. ಬಾಂಬು ಇಲ್ಲ, ಕೊಲೆ ಇಲ್ಲ, ಹೊರಗಿನಿಂದ ಸೈನ್ಯ ಬರುವಂತಿಲ್ಲ. ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ನಾವು ದಿನಾ ಕಾಣುವಂಥ ಒಬ್ಬ ಮನುಷ್ಯ ಏನೋ ಒಂದು ಮಾಡಬೇಕು, ಅದರಿಂದ ಅದು ಬೀಳಬೇಕು. ನಾನು ಬೀಳದಂತೆ ನೋಡಿಕೊಳ್ಳಬೇಕು.

ಈ ಆಟ ನಿನಗೆ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ತುರ್ತುಪರಿಸ್ಥಿತಿಯ ದಿನಗಳಲ್ಲಿ ನನಗೆ ಹದಿನೈದು, ನಿನಗೆ ಇಪ್ಪತ್ತೊಂದು. ಅಪ್ಪ ಕಿಟಕಿ ಮುಚ್ಚಿ ಮಾತಾಡಲು ಶುರು ಮಾಡಿದ್ದರು. ಆಮೇಲೆ ಕಿಟಕಿ ಮುಚ್ಚಿಯೂ ಮಾತಾಡುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ಬಚ್ಚಲ ಒಲೆಯಿಂದ ವಾಸನೆ ಬಂದಾಗ ನಾನು ಹೋಗಿ ಕೇಳಿದೆ, "ಅಪ್ಪ, ಎಂತ ಸುಡುವುದು?" ಅವರು ತಿರುಗದೆ, "ಎಂತದ್ದೂ ಇಲ್ಲ. ಹಳೇ ಕಾಗದ" ಎಂದರು. ಅವು ಅವರ ಡೈರಿಗಳು. ಇದು ಹೇಗೆ ಮುಗಿಯುತ್ತದೆ ಎಂದು ನೀನು ಊಟದ ಹೊತ್ತಿಗೆ ಕೇಳಿದ್ದಕ್ಕೆ ಅವರು, "ಅದು ತಾನಾಗಿ ಮುಗೀತದೆ. ನಾವು ಸುಮ್ಮನಿರುವ" ಎಂದಿದ್ದರು. ಮುಗಿಯಿತು ನಿಜ. ಆದರೆ ತಾನಾಗಿಯೇ ಮುಗಿಯಿತಾ? ಮೂವತ್ತು ವರ್ಷ ನೀನು ಅಪ್ಪನ ಜೊತೆ ಜಗಳಾಡುತ್ತಿದ್ದೆ, ನಡುವೆ ನನ್ನನ್ನು ಕೂರಿಸಿಕೊಂಡು.

ನಿನ್ನ ಮೊದಲ ನಡೆ ನೆನಪಾದರೆ ಈಗಲೂ ನಗು ಬರುತ್ತದೆ. ದೊಡ್ಡ ನಾಯಕ ಮುದುಕನಾಗಿ ಸತ್ತ, ದಳಪತಿಗಳು ಕುರ್ಚಿಗಾಗಿ ಕಚ್ಚಾಡಿದರು, ಆದ್ದರಿಂದ ಬಿತ್ತು ಎಂದು ಬರೆದಿದ್ದೆ. ನಾನು ಉತ್ತರಿಸಿದೆ: "ಕಚೇರಿಗಳಲ್ಲಿ ಫೋಟೊ ಬದಲಾಯಿತು. ಮೊಳೆ ಅದೇ." ಮುಂದಿನ ತಿಂಗಳು ನೀನು ವಿಳಿಂಜಂನ ಮೀನುಗಾರರನ್ನು ಎಬ್ಬಿಸಿದೆ, ಗವರ್ನರನ ಅಡುಗೆಮನೆಗೆ ಮೀನು ನಿಲ್ಲಿಸಿದೆ. ನಾನು ಅರ್ಧ ದೋಣಿಗಳಿಗೆ ಮಾತ್ರ ಪರವಾನಗಿ ಕೊಟ್ಟೆ. ಮೂರೇ ವಾರದಲ್ಲಿ ಉಳಿದರ್ಧದವರು ತಾವಾಗಿ ಬಂದು ಜೊತೆಯವರ ಮೇಲೆ ಸುದ್ದಿ ಕೊಟ್ಟರು. ಆಮೇಲೆ ತುಂಬ ಎಂಬ ಹಳ್ಳಿಯ ರಾಕೆಟ್ ನೆಲೆಯಲ್ಲಿ ನೀನು ಸಾಮ್ರಾಜ್ಯದ ರಾಕೆಟ್ಟಿನ ಒಂದು ಬೋಲ್ಟು ಸಡಿಲಿಸಿದೆ. ನಾನು ಪ್ರತಿ ಬೋಲ್ಟಿಗೂ ಎರಡು ಸಹಿ ಕಡ್ಡಾಯ ಮಾಡಿದೆ. ಎರಡನೆಯ ಸಹಿ ಮೊದಲನೆಯವನ ಹುದ್ದೆಯ ಮೇಲೆ ಕಣ್ಣಿಟ್ಟವನದ್ದು. ಕೊನೆಗೆ ನೀನು ನಿನ್ನನ್ನೇ ಇಳಿಸಿದೆ. ಹುಕುಮುಗಳನ್ನು ಬೇಕೆಂದೇ ತಡಮಾಡಿ ಅನುವಾದಿಸುವ ಒಬ್ಬಾಕೆ. ಅವಳ ಎದುರು ಮೇಜಿನಲ್ಲಿ ನಾನು ಇನ್ನೊಬ್ಬ ಅನುವಾದಕನನ್ನು ಕೂರಿಸಿದೆ. ಅವನ ಕೆಲಸ ಅವಳ ಗಡಿಯಾರ ನೋಡುವುದು ಮಾತ್ರ.

ಎಲ್ಲದಕ್ಕೂ ಪ್ರಾಸ ಬೇರೆ. ಸಾಮ್ರಾಜ್ಯದ ಗೋಡೆಬರಹಗಳನ್ನು ನಾನು ಕೂತು ಹೊಸೆಯುತ್ತಿದ್ದೆ.

ನಗಲಿಕ್ಕೆ ಬೇಕು ಚೀಟಿ,
ಅಳಲಿಕ್ಕೆ ಉಂಟು ಕಮಿಟಿ.

ನಿನ್ನ ಸೆಕ್ಷನ್ನಿನ ಮೂವರು ಕನ್ನಡದವರಿಗೆ ಇದನ್ನು ಓದಿ ತೋರಿಸಿದೆ, ನಕ್ಕರು, ಅರ್ಧ ನಕ್ಕು ಬಾಗಿಲ ಕಡೆ ನೋಡಿದರು ಎಂದು ನೀನು ಬರೆದಿದ್ದೆ. ಆ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದಿದ್ದೆ.

ಮಳೆಗಾಲದ ರಜೆಯಲ್ಲಿ ನಾನು ನಿನ್ನ ಮನೆಗೆ ಬಂದಿದ್ದಾಗ ಏಳನೆಯ ಕಾಲಂ ಹುಟ್ಟಿತು. ಪ್ರತಿ ಬೀದಿಗೊಂದು ರಿಜಿಸ್ಟರು. ಹೆಸರು, ಊರು, ಭಾಷೆ, ಕೆಲಸ, ಎಂದಿನಿಂದ ವಾಸ, ಯಾರ ಮನೆ ಎಂದು ಆರು ಕಾಲಂ. ಏಳನೆಯದು: 'ನೆರೆಯವರ ಗಮನಕ್ಕೆ ಬಂದ ವಿಷಯ.' ಪೊಲೀಸರೇ ಬೇಕಾಗಿಲ್ಲ, ಜನರೇ ತುಂಬುತ್ತಾರೆ. ಊಟದ ಮೇಜಿನ ಮೇಲೆ ನಿನಗೆ ಗೆರೆ ಹಾಕಿ ತೋರಿಸಿದೆ, ಪ್ರಾಸವನ್ನೂ ಹೇಳಿದೆ.

ಬಾಗಿಲು ಮುಚ್ಚು, ಬಾಯಿಯ ಮುಚ್ಚು,
ಪಕ್ಕದ ಮನೆಯ ಗುಟ್ಟನು ಬಿಚ್ಚು.

ನೀನು ಆ ಕಾಗದವನ್ನು ನನ್ನ ಕಡೆಗೇ ಸರಿಸಿದೆ. "ಇದನ್ನು ಬೀಳಿಸ್ಲಿಕ್ಕೆ ನನಗೆ ಆಗುದಿಲ್ಲ ತಮ್ಮಾ" ಎಂದೆ. ನಾನು ಗೆದ್ದೆನೆಂದು ಹಿಗ್ಗಿದೆ. ನೀನು ಮುಂದುವರಿಸಿದೆ: "ನೀನು ಎಷ್ಟು ಚಂದ ಗೆರೆ ಹಾಕ್ತಿ ನೋಡು. ನನಗೆ ಹೆದರಿಕೆ ಆಗ್ತದೆ."

ಆಸ್ಪತ್ರೆಯ ಆ ಮೂಲೆ ಹಾಸಿಗೆಯಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. ಆ ಹೊತ್ತಿಗೆ ನಿನ್ನ ಮಾತು ಬಹಳ ಕಮ್ಮಿಯಾಗಿತ್ತು, ನಾನು ಕಿವಿ ಹತ್ತಿರ ತರಬೇಕಿತ್ತು. ಹಣ್ಣೋ ನೀರೋ ಕೇಳುತ್ತೀಯೆಂದುಕೊಂಡರೆ, "ಆ ರಿಜಿಸ್ಟರ್ ಮಾಡಿದ ಗುಮಾಸ್ತ ಉಂಟಲ್ಲ... ಅವನಿಗೊಂದು ಹೆಸರಿಡು" ಎಂದೆ. ನನ್ನ ಸಾಮ್ರಾಜ್ಯದಲ್ಲಿ ಯಾರಿಗೂ ಹೆಸರಿರಲಿಲ್ಲ, ಗಮನಿಸಿದ್ದೆಯಾ? ಗವರ್ನರ್, ದಳಪತಿ, ಗುಮಾಸ್ತ, ಅಷ್ಟೆ. "ಮುಂದಿನ ಪತ್ರದಲ್ಲಿ ಇಡುತ್ತೇನೆ" ಎಂದೆ. ನೀನು ತಲೆಯಾಡಿಸಿದೆ. ನಾಲ್ಕು ದಿನ ಕಳೆದು...

ಇನ್ನು ಇಲ್ಲಿಯ ಸುದ್ದಿ. ಎಡಪ್ಪಳ್ಳಿಯ ನಮ್ಮ ಹದಿನೆಂಟು ಫ್ಲ್ಯಾಟಿನ ಕಟ್ಟಡ ನಿನಗೆ ಗೊತ್ತಲ್ಲ, ಮೆಟ್ಟಿಲು ಹತ್ತುವಾಗ ಬೈಯುತ್ತಿದ್ದೆ. ಎರಡು ತಿಂಗಳ ಹಿಂದೆ ನೀರಿನ ಮೋಟಾರು ಕಳುವಾಯಿತು. ಅಸೋಸಿಯೇಶನ್ ಸಭೆ ಸೇರಿತು. ಅಧ್ಯಕ್ಷರು ತಂಗಚ್ಚನ್ ಸಾರ್, ಗಲ್ಫಿನಲ್ಲಿ ದುಡಿದು ಬಂದವರು, ಒಳ್ಳೆಯವರು. ನನಗೆ ಜ್ವರ ಬಂದಾಗ ಅವರ ಮನೆಯಿಂದ ಐದು ದಿನ ಗಂಜಿ ಬಂದಿತ್ತು. ಬಾಡಿಗೆಯವರದ್ದೂ ಕೆಲಸಕ್ಕೆ ಬರುವ ಹೊರಗಿನವರದ್ದೂ ಒಂದು ಪಟ್ಟಿ ಮಾಡಿ ಠಾಣೆಗೆ ಕೊಡೋಣ ಎಂದು ತೀರ್ಮಾನವಾಯಿತು. ಸೆಕ್ರೆಟರಿ ಯಾರು? ನಾನು. ಬಾಡಿಗೆಯವನನ್ನೇ ಸೆಕ್ರೆಟರಿ ಮಾಡುತ್ತಾರೆ ಇಲ್ಲಿ, ಸ್ವಂತ ಮನೆಯವರಿಗೆ ಪುರುಸೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಹೊಸ ರಿಜಿಸ್ಟರು ತೆಗೆದು ಸ್ಕೇಲು ಇಟ್ಟು ಗೆರೆ ಎಳೆದೆ. ಹೆಸರು, ಊರು, ಭಾಷೆ, ಕೆಲಸ, ಎಂದಿನಿಂದ, ಯಾರ ಮನೆ. ಬಲಗಡೆ ಸ್ವಲ್ಪ ಜಾಗ ಉಳಿಯಿತು. ಕೈ ಇನ್ನೊಂದು ಗೆರೆ ಎಳೆಯಿತು, ತಲೆಬರಹವನ್ನೂ ಬರೆಯಿತು. ಆಣೆ ಮಾಡಿ ಹೇಳುತ್ತೇನೆ ಅಕ್ಕಾ, ಆಗ ನನಗೆ ನೀನೂ ನೆನಪಾಗಲಿಲ್ಲ, ಆಟವೂ ನೆನಪಾಗಲಿಲ್ಲ. ಜಾಗ ಉಳಿದಿತ್ತು, ಅಷ್ಟೆ. ತಂಗಚ್ಚನ್ ಸಾರ್ ನೋಡಿ, "ಸೆಂಟ್ರಲ್ ಗವರ್ನಮೆಂಟ್ ಕೆಲಸ ಅಂದ್ರೆ ಇದು" ಎಂದು ಬೆನ್ನು ತಟ್ಟಿದರು. ನನಗೆ ಖುಷಿಯಾಯಿತು. ಅದನ್ನೂ ಬರೆಯಬೇಕು ಅಂತ ಬರೆಯುತ್ತಿದ್ದೇನೆ.

ರಿಜಿಸ್ಟರು ಒಂದು ವಾರ ಮನೆಯಿಂದ ಮನೆಗೆ ಓಡಾಡಿ ಶನಿವಾರ ಮಧ್ಯಾಹ್ನ ನನ್ನ ಕೈಗೆ ಬಂತು. ಭಾನುವಾರ ಸಭೆಯಲ್ಲಿ ಒಪ್ಪಿಗೆ, ಸೋಮವಾರ ಠಾಣೆಗೆ. ಊಟ ಮುಗಿಸಿ ಓದಲು ಕೂತೆ. ಏಳನೆಯ ಕಾಲಂ ತುಂಬಿತ್ತು. ಒಂದೂ ಮನೆ ಖಾಲಿ ಬಿಟ್ಟಿರಲಿಲ್ಲ.

ಇಸ್ತ್ರಿಯ ಸೆಲ್ವಂ ಗೊತ್ತಲ್ಲ, ಬಾದಾಮಿ ಮರದ ಕೆಳಗೆ ಗಾಡಿ ಇಟ್ಟುಕೊಂಡವನು, ನಿನ್ನ ಸೀರೆ ನೋಡಿ "ಇದು ನಮ್ಮ ನಾಗರಕೋಯಿಲ್ ಕಡೆ ನೇಯ್ಗೆ ಅಕ್ಕಾ" ಎಂದವನು. ಅವನೂ ಹೆಂಡತಿ ಮಲರ್ ಕೂಡ ಅಲ್ಲಿ ಒಂಬತ್ತು ವರ್ಷದಿಂದ ಇದ್ದಾರೆ. ಅವನ ಮುಂದೆ ಮೂರು ಬೇರೆ ಬೇರೆ ಕೈಬರಹ. 'ಯಾವಾಗಲೂ ಗೇಟಿನ ಕಡೆಗೇ ಮುಖ ಮಾಡಿ ನಿಲ್ಲುತ್ತಾನೆ.' 'ಯಾರ ಮನೆಯಲ್ಲಿ ಯಾರಿಲ್ಲ ಎಂಬುದು ಬಟ್ಟೆ ನೋಡಿ ಇವನಿಗೆ ತಿಳಿಯುತ್ತದೆ.' 'ಮೋಟಾರು ಹೋದ ದಿನ ಇವನು ಬಂದಿರಲಿಲ್ಲ.' ಅದರ ಕೆಳಗೆ ಅಧ್ಯಕ್ಷರ ಕೆಂಪು ಶಾಯಿ: 'ಗಾಡಿ ತೆರವು ಮಾಡಿಸುವುದು.' ಒಂದೊಂದೂ ನಿಜ ಅಕ್ಕಾ. ಸುಳ್ಳೆಂದು ಯಾವುದನ್ನೂ ತೋರಿಸಲು ಬರುವುದಿಲ್ಲ. ಒಟ್ಟಿಗೆ ಓದಿದರೆ ಮಾತ್ರ ಅಲ್ಲಿ ಸೆಲ್ವಂ ಇಲ್ಲ, ಬೇರೆ ಯಾರೋ ಇದ್ದಾನೆ.

ಆಮೇಲೆ ಒಂಬತ್ತನೆಯ ಸಾಲು. ಬಾಡಿಗೆಯವನೆಂದು ನನ್ನ ಹೆಸರನ್ನೂ ನಾನೇ ಶಿಸ್ತಾಗಿ ಬರೆದಿದ್ದೆನಲ್ಲ. ಅದರ ಮುಂದೆ ಮಲಯಾಳಂನಲ್ಲಿ, ದುಂಡಗಿನ ಹಳೆಯ ಅಕ್ಷರದಲ್ಲಿ ಹೀಗಿತ್ತು: 'ಮರ್ಯಾದಸ್ಥ. ಮಾತು ಕಮ್ಮಿ. ತಿಂಗಳಿಗೊಂದು ನೀಲಿ ಕಾಗದ ಬರುತ್ತಿತ್ತು, ಗೊತ್ತಿಲ್ಲದ ಲಿಪಿಯಲ್ಲಿ. ಕಳೆದ ವರ್ಷದಿಂದ ನಿಂತಿದೆ. ಯಾಕೆಂದು ವಿಚಾರಿಸಬಹುದು.'

ನಿಂತಿದೆ. ನೀನು ಹೋದದ್ದು ನಮ್ಮ ಮನೆಯವರನ್ನು ಬಿಟ್ಟರೆ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಯಾರೋ ಗಮನಿಸಿದ್ದರು, ರಿಜಿಸ್ಟರಿನಲ್ಲಿ ನಮೂದೂ ಮಾಡಿದ್ದರು.

ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ನಿನ್ನ ಪತ್ರಗಳೆಲ್ಲ ಇವೆ. ತೆಗೆದು ಓದಿದೆ, ಈ ಸಲ ಠಾಣೆಯವನ ಕಣ್ಣಲ್ಲಿ. 'ಕೊಚ್ಚಿ ಬಂದರಿನ ಕಾವಲು ಎಷ್ಟು ಹೊತ್ತಿಗೆ ಬದಲಾಗುತ್ತದೆ ತಿಳಿಸು.' 'ತುಂಬದಲ್ಲಿ ನಮ್ಮವನು ಒಬ್ಬನಿದ್ದಾನೆ, ಮೂರನೆಯ ರಾಕೆಟ್ ಹಾರುವುದಿಲ್ಲ.' 'ಇದು ಬೀಳಲೇಬೇಕು ತಮ್ಮಾ, ನಮ್ಮ ಕಾಲದಲ್ಲೇ.' ಬರೆದವಳು ಸರಕಾರಿ ನೌಕರಿಯವಳು. ಪಡೆದವನ ಕಚೇರಿ ಬಂದರಿನಿಂದ ಹತ್ತು ನಿಮಿಷ. ಲಿಪಿ ಇವರಿಗೆ ಬಾರದ್ದು. "ಇದು ಆಟ ಸಾರ್, ನಮ್ಮ ಅಕ್ಕ ತಮಾಷೆಗೆ..." ಎಂದು ಹೇಳಿ ನೋಡಿದೆ, ಕನ್ನಡಿ ಮುಂದೆ. ನನಗೇ ನಂಬಿಕೆ ಬರಲಿಲ್ಲ. ಅಂಗೈ ಬೆವರಿ ನಿನ್ನ ಶಾಯಿ ಹತ್ತಿತು.

ನಿನ್ನ ನಾದಿನಿ ಶಾಂತಾ ನೋಡಿದಳು. "ಸುಟ್ಟುಬಿಡಿ" ಎಂದಳು, ಮೆಲ್ಲಗೆ. "ಅಕ್ಕ ಎಂತ ಬೇಜಾರು ಮಾಡುದಿಲ್ಲ. ನಿಮಗೆ ಇನ್ನು ಹದಿನೈದು ವರ್ಷ ಸರ್ವಿಸ್ ಉಂಟು." ಅವಳದ್ದೇನು ತಪ್ಪು? ಡಬ್ಬಿ ಹಿಡಿದು ಅಡುಗೆಮನೆಗೆ ಹೋದೆ. ಆ ರಾಕೆಟ್ಟಿನ ಪತ್ರವನ್ನು ಗ್ಯಾಸಿನ ಉರಿಗೆ ಹಿಡಿದೆ. ಕ್ಷಮಿಸು. ಅದರಲ್ಲಿ ನಿನ್ನದೊಂದು ಒಳ್ಳೆಯ ಪ್ರಾಸವಿತ್ತು. ಎಷ್ಟು ತಲೆ ಕೆರೆದುಕೊಂಡರೂ ಈಗ ನೆನಪಾಗುತ್ತಿಲ್ಲ.

ಎರಡನೆಯದನ್ನು ಕೈಗೆತ್ತಿಕೊಂಡಾಗ ಬಾಗಿಲಲ್ಲಿ ಮಗಳು ಅನು ನಿಂತಿದ್ದಳು. ಈಗ ಅವಳಿಗೆ ಹದಿನೈದು. ಎಂದಿನಂತೆ ಮಲಯಾಳಂನಲ್ಲೇ, "ಎಂದಾ ಅಚ್ಛಾ ಕರಿಯುನ್ನದ್?" ಎಂದು ಕೇಳಿದಳು. ಏನು ಸುಡುತ್ತಿದೆ ಅಂತ.

ನಾನು ತಿರುಗಲಿಲ್ಲ. "ಎಂತದ್ದೂ ಇಲ್ಲ. ಹಳೇ ಕಾಗದ" ಎಂದೆ.

ಅಕ್ಕಾ, ಆ ಮಾತು ನನ್ನ ಬಾಯಿಂದ ಬಂದದ್ದು ಅಪ್ಪನ ಧ್ವನಿಯಲ್ಲಿ. ನಾನು ಗ್ಯಾಸು ಆರಿಸಿದೆ. ಗುಮಾಸ್ತನ ಹೆಸರೇನೆಂದು ಆಗ ನನಗೆ ಗೊತ್ತಾಯಿತು. ನಿನಗೆ ಮೊದಲೇ ಗೊತ್ತಿತ್ತು, ಅಲ್ಲವಾ? ಅದಕ್ಕೇ ಹೇಳದೆ ಕೇಳಿದ್ದೆ.

ಭಾನುವಾರದ ಸಭೆ ಎಂದಿನಂತೆ ಕೆಳಗೆ ಕಾರು ನಿಲ್ಲಿಸುವಲ್ಲಿ. ಪ್ಲಾಸ್ಟಿಕ್ ಕುರ್ಚಿ, ಚಹಾ, ಬಾಳೆಹಣ್ಣಿನ ಪಳಂಪೊರಿ. ಹತ್ತು ಹೆಜ್ಜೆ ಆಚೆ ಸೆಲ್ವಂ ಇಸ್ತ್ರಿ ಮಾಡುತ್ತಿದ್ದ, ಗೇಟಿನ ಕಡೆ ಮುಖ ಮಾಡಿ. ತಂಗಚ್ಚನ್ ಸಾರ್ ನನ್ನ ಕಡೆ ಪೆನ್ನು ನೀಡಿ, "ಸೆಕ್ರೆಟರಿ ಒಂದು ಸೈನ್ ಹಾಕಿದರೆ ಮುಗಿಯಿತು" ಎಂದರು.

"ಓದಬೇಕಲ್ಲ ಸಾರ್."

"ಓದುವುದೇನು? ಎಲ್ಲ ನಾವೇ ಬರೆದದ್ದು."

"ನಡಾವಳಿಯಲ್ಲಿ 'ಓದಿ ಒಪ್ಪಲಾಯಿತು' ಅಂತ ಬರೆಯುವುದು ಪದ್ಧತಿ. ಓದದೆ ಒಪ್ಪಲಾಯಿತು ಅಂತ ಬರೆದರೆ ಠಾಣೆಯಲ್ಲಿ ನಗುತ್ತಾರೆ."

ಇಪ್ಪತ್ತು ವರ್ಷದ ಗುಮಾಸ್ತಿಕೆಯಲ್ಲಿ ನನ್ನ ಹತ್ತಿರ ಇದ್ದ ಆಯುಧ ಅದೊಂದೇ. ಧೈರ್ಯ ಎಂದುಕೊಳ್ಳಬೇಡ. ಒಂಬತ್ತನೆಯ ಸಾಲಿನಿಂದ ಶುರು ಮಾಡಿದೆ. ಮರ್ಯಾದಸ್ಥ, ಮಾತು ಕಮ್ಮಿ, ನೀಲಿ ಕಾಗದ, ನಿಂತಿದೆ, ವಿಚಾರಿಸಬಹುದು. ಗಟ್ಟಿಯಾಗಿ ಓದಿದೆ. ಆಮೇಲೆ, "ಬರೆಯುತ್ತಿದ್ದವಳು ನನ್ನ ಅಕ್ಕ. ಲಿಪಿ ಕನ್ನಡ. ಅವಳು ತೀರಿಕೊಂಡಳು, ಅದಕ್ಕೆ ನಿಂತಿದೆ" ಎಂದೆ.

ನೆಲಮಹಡಿಯ ಹಿರಿಯಾಕೆ ಅನ್ನಮ್ಮ ಚೇಚಿ, ಅಂಚೆಪೆಟ್ಟಿಗೆ ಇರುವುದು ಅವರ ಕಿಟಕಿ ಪಕ್ಕ, ಸೆರಗು ತಿರುಚುತ್ತಾ ಕೂತಿದ್ದರು. "ಅಯ್ಯೋ ಮೋನೆ, ನಾನು ಏನೂ ಮನಸ್ಸಲ್ಲಿಟ್ಟು ಬರೆದದ್ದಲ್ಲ" ಎಂದರು. "ಎಲ್ಲರೂ ಏನಾದರೂ ಬರೆದಿದ್ದರು. ನಾನೊಬ್ಬಳು ಖಾಲಿ ಬಿಟ್ಟರೆ ಏನಂದುಕೊಳ್ಳುತ್ತಾರೋ ಅಂತ..."

ಕೇಳಿಸಿತಾ ಅಕ್ಕಾ? ಖಾಲಿ ಬಿಟ್ಟರೆ ಏನಂದುಕೊಳ್ಳುತ್ತಾರೋ ಅಂತ. ನಾಲ್ಕು ವರ್ಷ ನಾನು ದಳಪತಿ, ರಾಕೆಟ್ಟು, ಹಡಗುಗಳಿಂದ ಕಟ್ಟಿದ್ದೆಲ್ಲ ನಿಂತಿದ್ದುದು ಅನ್ನಮ್ಮ ಚೇಚಿಯ ಆ ಸಂಕೋಚದ ಮೇಲೆ. ನಾನು ಗೆರೆ ಹಾಕಿ ಕೊಟ್ಟ ಒಂದೂವರೆ ಇಂಚು ಜಾಗದ ಮೇಲೆ.

ಸೆಲ್ವಂನ ಸಾಲಿಗೆ ಬಂದೆ. ಗೇಟಿನ ಕಡೆಗೇ ಮುಖ ಮಾಡಿ ನಿಲ್ಲುತ್ತಾನೆ ಎಂದು ಓದುತ್ತಿದ್ದಂತೆ ಅವನು ಇಸ್ತ್ರಿಪೆಟ್ಟಿಗೆ ಎತ್ತಿಟ್ಟ. "ಈ ಕಡೆ ತಿರುಗಿದರೆ ಕೆಂಡದ ಬೂದಿ ಕಾರಿನ ಮೇಲೆ ಹಾರ್ತದೆ ಅಂತ ಹೇಳಿದ್ದು ಇಲ್ಲಿಯವರೇ ಸಾರೇ" ಎಂದ. ಜಗಳದ ಧ್ವನಿಯಲ್ಲ, ಬಟ್ಟೆಯ ಲೆಕ್ಕ ಹೇಳುವ ಧ್ವನಿ. ಮೋಟಾರು ಹೋದ ದಿನ ಬಂದಿರಲಿಲ್ಲ ಎಂದು ಓದಿದೆ. "ಮಲರ್‌ಗೆ ಆಸ್ಪತ್ರೆ. ಆಟೋ ಕರೆಸಿ ಕೊಟ್ಟದ್ದು ನಿಮ್ಮ ಮನೆಯ ಚೇಚಿಯೇ" ಎಂದು ಅಧ್ಯಕ್ಷರನ್ನು ನೋಡಿದ.

"ಮದಿ, ಮದಿ" ಎಂದರು ತಂಗಚ್ಚನ್ ಸಾರ್. ಸಾಕು ಎಂದರ್ಥ, ಆದರೆ ಯಾರಿಗೆ ಹೇಳಿದರೋ. ಇನ್ನೂ ಹದಿಮೂರು ಸಾಲು ಉಳಿದಿತ್ತು. ಓದು ಎಂದು ಒಬ್ಬರೂ ಹೇಳಲಿಲ್ಲ. ಅವರ ಮನೆಯಿಂದ ಕತ್ತರಿ ಬಂತು. ಏಳನೆಯ ಕಾಲಂ ಅನ್ನು ಮೇಲಿನಿಂದ ಕೆಳಗೆ ಕತ್ತರಿಸಿದ್ದು ನಾನೇ. ನೇರವಾಗಿ ಕತ್ತರಿಸಿದೆ, ಅದೂ ಅಭ್ಯಾಸ. ಕೆಂಪು ಶಾಯಿಯೂ ಅದರ ಜೊತೆ ಹೋಯಿತು. ಸೆಲ್ವಂನ ಗಾಡಿ ಮರದ ಕೆಳಗೇ ಇದೆ. ಅವನು ನನ್ನ ಜೊತೆ ಮೊದಲಿನ ಹಾಗೆ ಮಾತಾಡುವುದಿಲ್ಲ. ಗೆರೆ ಎಳೆದವನು ಯಾರೆಂದು ಅವನಿಗೂ ಗೊತ್ತು.

ಇನ್ನು ನಮ್ಮ ಆಟ. ಸಾಮ್ರಾಜ್ಯ ಬಿತ್ತು ಅಕ್ಕಾ. ಗೆಲುವಿನ ಮೂವತ್ತೊಂದನೆಯ ವರ್ಷ, ತಿರುವನಂತಪುರದ ಒಂದು ಕಚೇರಿಯಲ್ಲಿ ಸಹಿ ಹಾಕಬೇಕಾದ ಗುಮಾಸ್ತನೊಬ್ಬ ಸಾಲಿನಲ್ಲಿ ನಿಂತ ಜನರ ಮುಂದೆ ಅವರು ಏಳನೆಯ ಕಾಲಂನಲ್ಲಿ ಬರೆದದ್ದನ್ನು ಅವರಿಗೇ ಗಟ್ಟಿಯಾಗಿ ಓದಿದ. ವಾರದೊಳಗೆ ಕೊಚ್ಚಿಯಲ್ಲಿ ಓದಿದರು. ವಿಳಿಂಜಂನಲ್ಲಿ ಪರವಾನಗಿ ಇದ್ದವರೂ ಇಲ್ಲದವರೂ ಒಂದೇ ದೋಣಿಯ ಹತ್ತಿರ ನಿಂತು ಕೇಳಿದರು. ಸಾಮ್ರಾಜ್ಯದ ಪರವಾಗಿ ನಾನು ಮೂರು ದಿನ ತಡೆಯಲು ನೋಡಿದೆ. ಗಟ್ಟಿಯಾಗಿ ಓದುವುದನ್ನು ನಿಷೇಧಿಸೋಣವೆಂದರೆ ಆ ನಿಷೇಧವನ್ನು ಬೀದಿಯಲ್ಲಿ ನಿಂತು ಯಾರಾದರೂ ಗಟ್ಟಿಯಾಗಿ ಓದಬೇಕು. ಬೇರೆ ದಾರಿ ಕಾಣಲಿಲ್ಲ. ಸೋತೆ. ಒಂದು ಪ್ರಾಸ ಹೊಂದಿಸಿ ಮುಗಿಸೋಣವೆಂದರೆ ಅದೂ ಬರುತ್ತಿಲ್ಲ.

ಹೆದರಿಕೆ ಹೋಗಿದೆ ಎಂದುಕೊಳ್ಳಬೇಡ. ಉಳಿದ ಆರು ಕಾಲಂ ಸೋಮವಾರ ಠಾಣೆಗೆ ಹೋಯಿತು, ನನ್ನ ಸಹಿಯೊಂದಿಗೆ. ಮೋಟಾರು ಸಿಕ್ಕಿಲ್ಲ. ಬಾಗಿಲು ತಟ್ಟಿದರೆ ಎದೆ ಹಾರುತ್ತದೆ. ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಯಾವಾಗ ಗೊತ್ತಾ? ಕಚೇರಿಯಲ್ಲಿ ಖಾಲಿ ಹಾಳೆ, ಸ್ಕೇಲು ಎದುರಿಗಿದ್ದಾಗ. ಕೈ ತಾನಾಗಿ ಹೋಗುತ್ತದೆ.

ನಿನಗೊಂದು ದೂರು ಇತ್ತಲ್ಲ, ಇನ್‌ಲ್ಯಾಂಡಿನ ಹಿಂಬದಿಯಲ್ಲಿ ಕಳುಹಿಸಿದವರ ಹೆಸರು ಬರೆಯುವಲ್ಲಿ ನಾನು ಯಾವಾಗಲೂ ಬರೀ 'ತಮ್ಮ, ಕೊಚ್ಚಿ' ಎಂದು ಗೀಚುತ್ತೇನೆ ಅಂತ. ಯಾರಾದರೂ ಬಿಡಿಸಿ ಓದಿದರೆ ಎಂದು ಹಾಗೆ ಮಾಡುತ್ತಿದ್ದೆ. ಆಟಕ್ಕೂ ಹೆದರುತ್ತಿದ್ದೆ ನಾನು. ಈ ಸಲ ಅನು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು, ಕನ್ನಡ ಓದಲು ಬಾರದಿದ್ದರೂ. ಆರು ಇನ್‌ಲ್ಯಾಂಡಿನ ಹಿಂಬದಿಯಲ್ಲೂ ಪೂರ್ತಿ ವಿಳಾಸ ಬರೆದಿದ್ದೇನೆ. ಅದರ ಮೇಲೆ, ಕಳುಹಿಸಿದವನ ಜಾಗದಲ್ಲಿ, ನೀನು ಕೇಳಿದ ಗುಮಾಸ್ತನ ಹೆಸರು.

ಸದಾಶಿವ.